ಮಗಳಿಗೊಂದು ಪತ್ರ: ಅಂಚೆಚೀಟಿ ಬೇಡದ ಕಾಗದ

ಪುಟ್ಟಿ,

ಲಾ ಕಾಲೇಜು ಸೇರಿ ಇನ್ನೂ ಎರಡನೇ ವರ್ಷ, ಆಗಲೇ ಕಾನೂನಿನ ಮೇಲೆ ಬೇಜಾರು ಬಂತಾ? "ಯುದ್ಧದಲ್ಲಿ ಯಾರಪ್ಪ ಕಾನೂನು ನೋಡ್ತಾರೆ? ಜಿನೀವಾ ಒಪ್ಪಂದ ಇರೋದೇ ಪರೀಕ್ಷೆಲಿ ಬರೆಯೋಕೆ" ಅಂದೆಯಲ್ಲ. ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಿ ಗೆಲ್ಲುವುದು ನನ್ನ ಕೈಲಾಗದು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ಮೂರನೇ ಜಿನೀವಾ ಒಪ್ಪಂದವನ್ನು ಓದಿದೆ. 1949ರದ್ದು, 143 ವಿಧಿ, ಎಲ್ಲವೂ ಯುದ್ಧಕೈದಿಗಳ ಬಗ್ಗೆಯೇ. ಅಂಚೆ ಇಲಾಖೆಯಲ್ಲಿ ತಲೆ ಬೆಳ್ಳಗಾದವನು ನಾನು, ನನ್ನ ಕಣ್ಣು ಹೋಗಿದ್ದು ಕಾಗದಪತ್ರದ ವಿಧಿಗಳ ಕಡೆಗೇ. ಕೈದಿ ತಿಂಗಳಿಗೆ ಕಡಿಮೆ ಅಂದರೂ ಎರಡು ಪತ್ರ, ನಾಲ್ಕು ಕಾರ್ಡು ಬರೆಯಬಹುದು. ಅವನು ಬರೆದದ್ದಕ್ಕೂ ಅವನಿಗೆ ಬಂದದ್ದಕ್ಕೂ ಅಂಚೆಚೀಟಿ ಬೇಡ. ಕೌಂಟರಿನಲ್ಲಿ ಇಪ್ಪತ್ತೈದು ಪೈಸೆ ಕಡಿಮೆಯಾದರೂ ಕಾಗದ ವಾಪಸ್ ಕೊಡುತ್ತಿದ್ದವನಿಗೆ ಇದು ದೊಡ್ಡ ವಿಷಯ ಕಣಮ್ಮ.

ಅದಕ್ಕಿಂತ ಮುಖ್ಯ 70ನೇ ವಿಧಿ. ಸೆರೆಸಿಕ್ಕವನು ಶಿಬಿರಕ್ಕೆ ಬಂದು ಒಂದು ವಾರದೊಳಗೆ ಎರಡು ಕಾರ್ಡು ಹೋಗಬೇಕು. ಒಂದು ಮನೆಗೆ, ಇನ್ನೊಂದು ಕೈದಿಗಳ ವಿವರ ಇಡುವ ಕೇಂದ್ರ ಕಚೇರಿಗೆ. ಒಪ್ಪಂದದ ಕೊನೆಯಲ್ಲಿ ಅದರ ಮಾದರಿ ಕೊಟ್ಟಿದ್ದಾರೆ, ನೋಡು. ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ರ‍್ಯಾಂಕು, ಮನೆ ವಿಳಾಸ. ಆಮೇಲೆ ಒಂದು ಸಾಲು: ಆರೋಗ್ಯವಾಗಿದ್ದೇನೆ, ಗಾಯವಾಗಿಲ್ಲ, ಗುಣವಾಗಿದ್ದೇನೆ, ಕಾಯಿಲೆಯಾಗಿದೆ, ಸ್ವಲ್ಪ ಗಾಯ, ತೀವ್ರ ಗಾಯ. ಬೇಡದ್ದನ್ನು ಹೊಡೆದುಹಾಕಬೇಕು. ಬೇರೇನೂ ಬರೆಯುವಂತಿಲ್ಲ. "ಅಮ್ಮಾ, ಹೆದರಬೇಡ" ಅಂತಲೂ ಇಲ್ಲ.

ಒಣ ಫಾರ್ಮು ಅಂತ ನಗಬೇಡ. ಹೆಸರು ಎಲ್ಲೂ ದಾಖಲಾಗದ ಕೈದಿಯನ್ನು ಏನು ಮಾಡಿದರೂ ಕೇಳುವವರಿಲ್ಲ. ಆ ಕಾರ್ಡು ಹೊರಗೆ ಹೋಯಿತು ಅಂದರೆ, ಈ ಮನುಷ್ಯ ಇಂಥವರ ಕೈಯಲ್ಲಿ ಜೀವಂತ ಇದ್ದ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು. ಹಿಡಿದಿಟ್ಟವರು ಆಮೇಲೆ ಅವನ ಲೆಕ್ಕ ಕೊಡಲೇಬೇಕು.

ಲೆಕ್ಕ ಕೇಳುವವರಿಲ್ಲದಿದ್ದರೆ ಏನಾಗುತ್ತದೆ? ಎರಡನೇ ಮಹಾಯುದ್ಧದ ಜರ್ಮನಿಯನ್ನೇ ತಗೋ. ಅವರ ಕೈಗೆ ಸಿಕ್ಕ ಬ್ರಿಟಿಷ್, ಅಮೆರಿಕನ್ ಸೈನಿಕರಲ್ಲಿ ಸತ್ತವರು ನೂರಕ್ಕೆ ನಾಲ್ಕರೊಳಗೆ. ಸೋವಿಯತ್ ಸೈನಿಕರು ಸುಮಾರು 57 ಲಕ್ಷ ಜನ ಸಿಕ್ಕಿದ್ದರು, ಅವರಲ್ಲಿ 33 ಲಕ್ಷದಷ್ಟು ಜನ ಹಸಿವು, ಚಳಿ, ಕಾಯಿಲೆ, ಗುಂಡಿಗೆ ಹೋದರು. ಹಿಡಿದವರು ಅವರೇ, ವರ್ಷಗಳೂ ಅವೇ. ಯುದ್ಧಕೈದಿಗಳ ಬಗ್ಗೆ ಆಗ ಇದ್ದ 1929ರ ಒಪ್ಪಂದಕ್ಕೆ ಸೋವಿಯತ್ ದೇಶ ಸೇರಿಲ್ಲ, ಹಾಗಾಗಿ ನಮಗೇನೂ ಕಟ್ಟುಪಾಡಿಲ್ಲ ಎಂಬ ನೆಪ ಜರ್ಮನ್ನರಿಗಿತ್ತು. ಬರೀ ಕಾಗದದಿಂದ ಇಷ್ಟೊಂದು ವ್ಯತ್ಯಾಸವಾಯಿತು ಅಂತ ನಾನು ಹೇಳುವುದಿಲ್ಲ. ರಷ್ಯನ್ನರಂಥ ಸ್ಲಾವ್ ಜನ ಮನುಷ್ಯರೇ ಅಲ್ಲ ಅನ್ನುವ ದ್ವೇಷ ಅದರ ಬುಡದಲ್ಲಿತ್ತು. ಆದರೆ ಆ ದ್ವೇಷಕ್ಕೂ ಒಂದು ನೆಪ ಬೇಕಾಯಿತು, ಅದನ್ನು ಗಮನಿಸು.

ಇದನ್ನು ಜರ್ಮನ್ ಸೇನೆಯ ಒಳಗೇ ಒಬ್ಬರು ಪ್ರಶ್ನಿಸಿದ್ದರು. ಗೂಢಚರ್ಯೆಯ ಮುಖ್ಯಸ್ಥ ಅಡ್ಮಿರಲ್ ಕನಾರಿಸ್. 1941ರ ಸೆಪ್ಟೆಂಬರಿನಲ್ಲಿ ಅವರು ಮೇಲಧಿಕಾರಿಗೆ ಒಂದು ಟಿಪ್ಪಣಿ ಕಳಿಸಿದರು. ಒಪ್ಪಂದ ಇಲ್ಲದಿದ್ದರೂ ಸೆರೆಸಿಕ್ಕವನನ್ನು ಕೊಲ್ಲಬಾರದು, ಹಿಂಸಿಸಬಾರದು ಅನ್ನುವ ರೂಢಿಯ ಕಾನೂನು ಇದ್ದೇ ಇದೆ ಎಂದು. ಮೇಲಧಿಕಾರಿ ಕೈಟೆಲ್ ಅದರ ಮೇಲೆ ಷರಾ ಬರೆದ: ಇದೆಲ್ಲ ಹಳೇ ಕಾಲದ ವೀರಧರ್ಮದ ಮಾತು, ಇಲ್ಲಿ ನಾವು ಒಂದು ಸಿದ್ಧಾಂತವನ್ನೇ ನಾಶ ಮಾಡುತ್ತಿದ್ದೇವೆ. ಫೈಲಿನ ಷರಾ ಎಷ್ಟು ವರ್ಷ ಬದುಕುತ್ತದೆ ಅಂತ ಸರ್ಕಾರಿ ನೌಕರನಿಗೆ ಹೇಳಿಕೊಡಬೇಕಿಲ್ಲ. ಯುದ್ಧ ಮುಗಿದ ಮೇಲೆ ಅದೇ ಹಾಳೆ ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಾಲಯದ ಮುಂದೆ ಬಂತು. 1946ರ ಅಕ್ಟೋಬರಿನಲ್ಲಿ ಕೈಟೆಲ್‌ಗೆ ನೇಣಾಯಿತು. ಸತ್ತ 33 ಲಕ್ಷ ಜನಕ್ಕೆ ಅದರಿಂದ ಏನು ಬಂತು ಅಂತ ನೀನು ಕೇಳುತ್ತೀಯ. ಏನೂ ಬರಲಿಲ್ಲ, ನಿಜ. ಆದರೆ 1949ರಲ್ಲಿ ಬರೆಯಲು ಕೂತವರು ಆ ಅನುಭವದ ಮೇಲೇ ಬರೆದರು.

ಮಡಿಕೇರಿಯಲ್ಲಿ ನಾನು ಕೆಲಸದಲ್ಲಿದ್ದಾಗ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಕಥೆ ಹೇಳದ ಮನೆಯೇ ಇರಲಿಲ್ಲ. 1965ರ ಯುದ್ಧದ ಕೊನೆಯಲ್ಲಿ ಅವರ ಮಗನ ಹಂಟರ್ ವಿಮಾನ ಬಿದ್ದು, ಅವರು ಪಾಕಿಸ್ತಾನಕ್ಕೆ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಬೇಕಿದ್ದರೆ ಮಗನನ್ನು ಬಿಡುತ್ತೇವೆ ಅಂತ ಹೇಳಿಕಳಿಸಿದರು. ಅಲ್ಲಿರುವವರೆಲ್ಲ ನನ್ನ ಮಕ್ಕಳೇ, ಇವನಿಗೊಬ್ಬನಿಗೇ ಬೇಡ ಅಂದರು ಇವರು. ಮಗ ಉಳಿದವರ ಜೊತೆಗೇ 1966ರಲ್ಲಿ ಬಂದರು. ಆ ಜಾಗದಲ್ಲಿ ನೀನಿದ್ದಿದ್ದರೆ? ನಾನಾಗಿದ್ದರೆ ಕಾಲಿಗೆ ಬೀಳುತ್ತಿದ್ದೆ ಪುಟ್ಟಿ, ಸುಳ್ಳು ಯಾಕೆ ಹೇಳಲಿ. ಕಾರ್ಯಪ್ಪ ಅಲ್ಲದ ಅಪ್ಪಂದಿರಿಗೂ ಮಗನ ಕಾರ್ಡು ಬರಲಿ ಅಂತಲೇ ಕಾನೂನು ಇರುವುದು.

ಹಾಗಂತ ನಮ್ಮವರು ಬರೀ ಒಳ್ಳೆಯವರು ಅಂತ ಬರೆದು ಮುಗಿಸುವಂತಿಲ್ಲ. 118ನೇ ವಿಧಿ ಓದು. ಕಾದಾಟ ನಿಂತ ಮೇಲೆ ಕೈದಿಗಳನ್ನು ತಡಮಾಡದೆ ಬಿಟ್ಟು ಕಳಿಸಬೇಕು. 1971ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದಾಗ ಸುಮಾರು 93 ಸಾವಿರ ಜನ ನಮ್ಮ ವಶಕ್ಕೆ ಬಂದರು. ಅವರಲ್ಲಿ ಸಾವಿರಾರು ಜನ ಸೈನಿಕರೇ ಅಲ್ಲ. ಕೊನೆಯವರು ವಾಘಾ ಗಡಿ ದಾಟಿದ್ದು 1974ರ ಏಪ್ರಿಲಿನಲ್ಲಿ. ಅವರು ಶರಣಾದದ್ದು ಭಾರತ, ಬಾಂಗ್ಲಾದೇಶ ಎರಡರ ಜಂಟಿ ಸೇನೆಗೆ, ಬಾಂಗ್ಲಾದೇಶ ಒಪ್ಪದೆ ಬಿಡುವ ಹಾಗಿಲ್ಲ ಅನ್ನುವುದು ನಮ್ಮ ವಾದ. ಬಾಂಗ್ಲಾದೇಶವನ್ನು ಪಾಕಿಸ್ತಾನ ಇನ್ನೂ ದೇಶ ಅಂತಲೇ ಒಪ್ಪಿರಲಿಲ್ಲ. ವಾದದಲ್ಲಿ ಹುರುಳಿದೆ. ಆದರೂ ಎರಡು ವರ್ಷಕ್ಕಿಂತ ಜಾಸ್ತಿ ಅಂದರೆ ತಡ ಅಲ್ವಾ? ಅವರಿಗೂ ಮನೆ ಇತ್ತು.

ಅದೇ ಯುದ್ಧದಲ್ಲಿ ನಮ್ಮ ಕಡೆ ಕಾಣೆಯಾದವರೂ ಇದ್ದಾರೆ. ಪಾಕಿಸ್ತಾನದ ಸೆರೆಮನೆಗಳಲ್ಲಿ ಇದ್ದಾರೆ ಅಂತ ಭಾರತ ಹೇಳುತ್ತ ಬಂದ 54 ಜನರ ಪಟ್ಟಿ ಅದು. ಅಂಥವರು ಯಾರೂ ಇಲ್ಲ ಅನ್ನುತ್ತದೆ ಪಾಕಿಸ್ತಾನ. ಎಷ್ಟೋ ಮನೆಯವರು ಕಾದು ಕಾದು ಮುದುಕರಾದರು. ಜೀವಂತ ಇದ್ದಾರೆ ಅಂತ ಕಾರ್ಡು ಬಂದಿದ್ದರೆ ಅದನ್ನು ಹಿಡಿದು ಕೇಳಬಹುದಿತ್ತು. ತೀರಿಕೊಂಡರು ಅಂತ ಬಂದಿದ್ದರೆ ತಿಥಿಯಾದರೂ ಆಗುತ್ತಿತ್ತು.

ದಸರಾ ರಜೆಗೆ ಬರುವಾಗ 118ನೇ ವಿಧಿಯ ಬಗ್ಗೆ ನಿನ್ನ ವಾದ ರೆಡಿ ಮಾಡಿಕೊಂಡು ಬಾ. ನಾನು ಭಾರತದ ವಿರುದ್ಧ ವಾದಿಸುತ್ತೇನೆ, ನೀನು ಸರ್ಕಾರಿ ವಕೀಲೆ. ತೀರ್ಪು ಅಮ್ಮನದು. ಅವಳು ಈಗಾಗಲೇ ನಿನ್ನ ಪಕ್ಷ, ಅದು ನನಗೆ ಗೊತ್ತು.

ಇಂತಿ,
ನಿನ್ನ ಅಪ್ಪ