ಸರಳೆ ವರಸೆಗೆ ಹಾಕಿದ ಕಾಪಿರೈಟ್ ಸ್ಟ್ರೈಕ್ ಬಗ್ಗೆ ದೂರು

ಶಿವಮೊಗ್ಗ
18 ಆಗಸ್ಟ್ 2025

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಭಾರತದ ಕಚೇರಿ

ವಿಷಯ: ನನ್ನ ಸಂಗೀತ ಪಾಠದ 2 ವಿಡಿಯೊಗಳನ್ನು ತೆಗೆದು ಚಾನೆಲ್ ಮೇಲೆ ಸ್ಟ್ರೈಕ್ (ತಪ್ಪಿನ ಗುರುತು) ಹಾಕಿರುವುದು, ಮೂರನೆಯದರ ಮೇಲೆ ಕ್ಲೈಮ್ (ಇದು ತಮ್ಮದು ಎಂಬ ಹಕ್ಕಿನ ಮಾತು) ಬಂದಿರುವುದು

ಮಾನ್ಯರೇ,

ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. 22 ವರ್ಷ ಆಯಿತು. 2020ರ ಲಾಕ್‌ಡೌನ್‌ನಲ್ಲಿ ಪಾಠ ನಿಂತುಹೋದಾಗ ನಿಮ್ಮ ವಿಡಿಯೊ ತಾಣದಲ್ಲಿ ಒಂದು ಚಾನೆಲ್ ಶುರು ಮಾಡಿದೆ. ಮಕ್ಕಳಿಗೆ ಅಭ್ಯಾಸ ತಪ್ಪಬಾರದು ಅನ್ನುವುದಷ್ಟೇ ಆಗಿನ ಯೋಚನೆ. ಈಗ ಅದರಲ್ಲಿ 212 ವಿಡಿಯೊ ಇವೆ. 6,400 ಜನ ಚಂದಾದಾರರು. ಜಾಹೀರಾತಿನಿಂದ ತಿಂಗಳಿಗೆ ಮೂರು ಸಾವಿರ ಚಿಲ್ಲರೆ ಬರುತ್ತದೆ. ಅದರಲ್ಲಿ ಮನೆಯ ಇಂಟರ್ನೆಟ್ ಬಿಲ್ ಕಟ್ಟಿ, ಉಳಿದದ್ದನ್ನು ಫೀಸು ಕೊಡಲಾಗದ ಮಕ್ಕಳ ಪುಸ್ತಕಕ್ಕೆ ಇಡುತ್ತೇನೆ.

ಜೂನ್ 2ರಂದು ನನ್ನ ಮೊದಲ ಪಾಠದ ವಿಡಿಯೊ ಮೇಲೆ ಒಂದು ಮ್ಯೂಸಿಕ್ ಕಂಪನಿಯ ಕಾಪಿರೈಟ್ ಕ್ಲೈಮ್ ಬಂತು. ಅದು ಸರಳೆ ವರಸೆಯ ಪಾಠ. ಸ ರಿ ಗ ಮ ಪ ದ ನಿ ಸ. ಮಾಯಾಮಾಳವಗೌಳ ರಾಗ, ಆದಿ ತಾಳ, ಮೂರು ಕಾಲ (ವೇಗ). ಸಂಗೀತ ಕಲಿಯಲು ಕೂತ ಮಗುವಿನ ಬಾಯಲ್ಲಿ ಮೊದಲ ದಿನ ಬರುವುದು ಇದೇ. ಈ ಪಾಠದ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಅದಕ್ಕೇ ಅವರನ್ನು ಸಂಗೀತ ಪಿತಾಮಹ ಅನ್ನುವುದು. ದಾಸರು ತೀರಿಕೊಂಡದ್ದು 1564ರಲ್ಲಿ.

ಶಾಲೆ ಶುರುವಾಗುವ ಸಮಯ, ಹೊಸ ಮಕ್ಕಳು ಸೇರುವ ಗಡಿಬಿಡಿ. ನಾನು ಮೇಲ್ ನೋಡಿದ್ದು ಜೂನ್ 11ಕ್ಕೆ. ಅವತ್ತೇ ತಕರಾರು ಹಾಕಿದೆ. ಐದು ದಿನದೊಳಗೆ ಹಾಕಿದ್ದರೆ ಮೊದಲ ದಿನದಿಂದಲೇ ಜಾಹೀರಾತಿನ ಹಣ ತಡೆದಿಡುತ್ತಿದ್ದಿರಂತೆ. ನಾನು ತಡ ಮಾಡಿದ್ದಕ್ಕೆ ಆ ಒಂಬತ್ತು ದಿನದ ಹಣ ಅವರಿಗೆ ಹೋಯಿತು. ಹೋಗಲಿ, ಅದು ದೊಡ್ಡ ಮೊತ್ತವಲ್ಲ.

ನನಗೆ ನೋವಾದದ್ದು ಬೇರೆ ವಿಷಯಕ್ಕೆ. ಅವರು ತಮ್ಮದು ಎಂದು ಗುರುತು ಹಾಕಿದ್ದ ಜಾಗ ಯಾವುದು ಅಂತ ತೆರೆದು ನೋಡಿದೆ. 2 ನಿಮಿಷ 10 ಸೆಕೆಂಡಿನಿಂದ 2 ನಿಮಿಷ 51 ಸೆಕೆಂಡಿನವರೆಗೆ. ಅಲ್ಲಿ ನಾನು ಹಾಡುತ್ತಲೇ ಇಲ್ಲ. "ಈಗ ನೀವು ಹೇಳಿ" ಅಂದು ಸುಮ್ಮನಾಗಿದ್ದೇನೆ. ವಿಡಿಯೊ ನೋಡುತ್ತಿರುವ ಮಗು ತನ್ನ ಮನೆಯಲ್ಲಿ ಕೂತು ಹೇಳಲಿ ಎಂದು ಬಿಟ್ಟ ಜಾಗ ಅದು. ಕೇಳಿಸುವುದು ತಂಬೂರದ ಶ್ರುತಿ, ತೊಡೆ ಮೇಲೆ ನಾನು ಹಾಕುವ ತಾಳ, ಇಷ್ಟೇ.

ಆ ತಂಬೂರ ಮೊಬೈಲ್ ಆ್ಯಪ್‌ನದು. ನನ್ನ ಹಾಗೆ ಎಷ್ಟೋ ಶಿಕ್ಷಕರು ಅದನ್ನೇ ಬಳಸುತ್ತಾರೆ. ಐದು ಮನೆ ಶ್ರುತಿ (ಹಾಡುವ ದನಿಯ ಎತ್ತರ) ಇಟ್ಟರೆ ಎಲ್ಲರ ಫೋನಿನಲ್ಲೂ ಬರುವುದು ಅದೇ ಧ್ವನಿಮುದ್ರಣ, ಒಂದು ಎಳೆಯೂ ಆಚೀಚೆ ಇಲ್ಲ. ಆ ಕಂಪನಿಯ ಆಲ್ಬಮ್‌ನಲ್ಲಿ ಹಾಡಿದವರೂ ಅದೇ ಆ್ಯಪ್ ಇಟ್ಟುಕೊಂಡಿರಬೇಕು. ನಕಲು ಹುಡುಕುವ ನಿಮ್ಮ ಯಂತ್ರ ಎರಡು ತಂಬೂರವನ್ನು ಹೋಲಿಸಿ ನೋಡಿ "ಒಂದೇ" ಅಂದಿದೆ. ಹೌದು, ಒಂದೇ. ಆದರೆ ಅದು ಅವರದೂ ಅಲ್ಲ, ನನ್ನದೂ ಅಲ್ಲ. ಇದನ್ನೆಲ್ಲ ತಕರಾರಿನಲ್ಲಿ ಬಿಡಿಸಿ ಬರೆದೆ.

ಆ ತಕರಾರು ಯಾರ ಕೈಗೆ ಹೋಯಿತು? ಕ್ಲೈಮ್ ಹಾಕಿದ ಕಂಪನಿಯ ಕೈಗೇ. ತೀರ್ಮಾನಕ್ಕೆ ಅವರಿಗೆ 30 ದಿನ ಕೊಟ್ಟಿರಿ. 28ನೇ ದಿನ, ಜುಲೈ 9ರಂದು, ತಿರಸ್ಕರಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಕಾರಣ ಇರಲಿಲ್ಲ. ಮರುದಿನ ಅಪೀಲ್ ಹಾಕಿದೆ. ಅದೂ ಅವರಿಗೇ ಹೋಯಿತು. ಜುಲೈ 15ಕ್ಕೆ ವಿಡಿಯೊವನ್ನೇ ತೆಗೆಸಿ ನನಗೆ ಒಂದು ಸ್ಟ್ರೈಕ್ ಕೊಡಿಸಿದರು. ಜುಲೈ 28ಕ್ಕೆ ಪಿಳ್ಳಾರಿ ಗೀತೆಯ ಪಾಠವೂ ಹೋಯಿತು, ಎರಡನೇ ಸ್ಟ್ರೈಕ್. ಅದು ಮಲಹರಿ ರಾಗ, ರೂಪಕ ತಾಳದ ಗಣೇಶನ ಗೀತೆ, "ಶ್ರೀ ಗಣನಾಥ" ಎಂದು ಶುರುವಾಗುವುದು. ಅದೂ ಪುರಂದರದಾಸರದೇ. ಹಾಡಿದ ದನಿ ನನ್ನದು, ರೆಕಾರ್ಡ್ ಮಾಡಿದ್ದು ನಮ್ಮ ಮನೆಯ ನಡುಮನೆಯಲ್ಲಿ.

ಯಾವ ತಪ್ಪಿಗೆ ಸ್ಟ್ರೈಕ್ ಅಂತ ಇವತ್ತಿನವರೆಗೂ ನನಗೆ ಯಾರೂ ಹೇಳಿಲ್ಲ. ಅವರ ಆಲ್ಬಮ್ ಅನ್ನು ನಾನು ನಕಲು ಮಾಡಿದ್ದೇನಾ? ಇಲ್ಲ. ಅದೇ ಗೀತೆಯನ್ನು ಅದೇ ಸ್ವರದಲ್ಲಿ ಹಾಡಿದ್ದೇನೆ. ಬೇರೆ ಸ್ವರದಲ್ಲಿ ಹಾಡಿದರೆ ಅದು ತಪ್ಪು ಪಾಠವಾಗುತ್ತದೆ. ನನ್ನ ಗುರುಗಳು ಹೇಳಿಕೊಟ್ಟ ಹಾಗೆ, ಅವರ ಗುರುಗಳು ಅವರಿಗೆ ಹೇಳಿಕೊಟ್ಟ ಹಾಗೆ ಹಾಡುವುದೇ ಇಲ್ಲಿ ಸರಿ. ಚೆನ್ನಾಗಿ ಕಲಿತ ನೂರು ಜನ ಹಾಡಿದರೆ ನೂರೂ ಹೊಂದಿಕೊಳ್ಳಬೇಕು. ಹೊಂದಿಕೊಂಡದ್ದನ್ನೇ ಕಳ್ಳತನ ಎಂದು ಓದುವ ಯಂತ್ರದ ಮುಂದೆ ನಮ್ಮಂಥವರು ಏನು ಮಾಡಬೇಕು ಹೇಳಿ.

ಕಾಪಿರೈಟ್ ಬೇಡ ಎಂದು ನಾನು ಹೇಳುತ್ತಿಲ್ಲ. 2022ರಲ್ಲಿ ಮಕ್ಕಳ ವಾರ್ಷಿಕೋತ್ಸವದ ವಿಡಿಯೊ ಹಾಕಿದಾಗ ಹಿನ್ನೆಲೆಯಲ್ಲಿ ಒಂದು ಸಿನಿಮಾ ಹಾಡು ಹಾಕಿದ್ದೆ. ಕ್ಲೈಮ್ ಬಂತು. ತಪ್ಪು ನನ್ನದೇ ಅಂತ ಆ ದಿನವೇ ತೆಗೆದೆ. ಹಾಡು ಕಟ್ಟಿದವರಿಗೆ, ಹಾಡಿದವರಿಗೆ ಹಣ ಸಿಗಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ವಕೀಲರು. ಅವರು ಕೂತು ವಿವರವಾಗಿ ಹೇಳಿದರು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 22ನೇ ಕಲಂ ಪ್ರಕಾರ ರಚನೆಯ ಮೇಲಿನ ಹಕ್ಕು ಇರುವುದು ಕರ್ತೃ ತೀರಿಕೊಂಡ ಮೇಲೆ 60 ವರ್ಷ ಮಾತ್ರ. ದಾಸರ ರಚನೆ ಎಲ್ಲರದು. ಕಂಪನಿ ಮಾಡಿಸಿದ ಧ್ವನಿಮುದ್ರಣದ ಮೇಲೆ ಕಂಪನಿಗೆ ಹಕ್ಕಿದೆ, ಸರಿ. ಆದರೆ ಆ ಹಕ್ಕು ಆ ಮುದ್ರಣಕ್ಕೆ ಮಾತ್ರ. ನಾನು ಹಾಡಿ ಮಾಡಿದ ಮುದ್ರಣದ ಹಕ್ಕು ನನ್ನದು.

ಅದೇ ಕಾಯ್ದೆಯ 52(1)(ಸಿ) ಕಲಂ ಮತ್ತು 2013ರ ಕಾಪಿರೈಟ್ ನಿಯಮಗಳ 75ನೇ ನಿಯಮವನ್ನೂ ಅವರೇ ತೋರಿಸಿದರು. ದೂರು ಬಂದರೆ ನಿಮ್ಮಂಥ ತಾಣ 21 ದಿನ ಆ ವಿಡಿಯೊವನ್ನು ತಡೆಹಿಡಿಯಬೇಕು. ಅಷ್ಟರಲ್ಲಿ ದೂರು ಕೊಟ್ಟವರು ಕೋರ್ಟಿನ ಆದೇಶ ತರದಿದ್ದರೆ ನೀವು ಮತ್ತೆ ತೋರಿಸಬಹುದು. ನನ್ನ ಮೊದಲ ವಿಡಿಯೊಗೆ ಆ 21 ದಿನ ಆಗಸ್ಟ್ 5ಕ್ಕೇ ಮುಗಿಯಿತು. ಎರಡನೆಯದಕ್ಕೆ ಇವತ್ತಿಗೆ 21 ದಿನ. ಕೋರ್ಟಿನ ಆದೇಶ ಬಂದಿದೆಯಾ? ಬಂದಿದ್ದರೆ ನನಗೂ ತೋರಿಸಿ. ಬಂದಿಲ್ಲದಿದ್ದರೆ ಇನ್ನೂ ಯಾಕೆ ಮುಚ್ಚಿಟ್ಟಿದ್ದೀರಿ?

ಇನ್ನು ಮೂರನೆಯ ವಿಡಿಯೊ. ಜಂಟಿ ವರಸೆಯದು, ಅಂದರೆ ಸ್ವರಗಳನ್ನು ಜೋಡಿಯಾಗಿ ಹೇಳುವ ಪಾಠ. ಆಗಸ್ಟ್ 4ಕ್ಕೆ ಅದರ ಮೇಲೂ ಕ್ಲೈಮ್ ಬಂದಿದೆ. ಇವತ್ತಿಗೆ 14 ದಿನ. ಈ ಸಲ ನಾನು ತಕರಾರು ಹಾಕಿಲ್ಲ. ಹಾಕಲು ಹೆದರಿಕೆ. ತಕರಾರು ಹಾಕಿದರೆ ಅವರೇ ತಿರಸ್ಕರಿಸುತ್ತಾರೆ. ಅಪೀಲ್ ಹಾಕಿದರೆ ವಿಡಿಯೊ ತೆಗೆಸುತ್ತಾರೆ. ಆಗ ಮೂರನೇ ಸ್ಟ್ರೈಕ್. 90 ದಿನದೊಳಗೆ 3 ಆದರೆ ಚಾನೆಲ್ಲೇ ಇರುವುದಿಲ್ಲ, 212 ವಿಡಿಯೊವೂ ಹೋಗುತ್ತವೆ. ಸುಮ್ನೆ ಇದ್ದರೆ ಅದರ ಹಣ ಅವರಿಗೆ ಹೋಗುತ್ತದೆ, ಆದರೆ ಚಾನೆಲ್ ಉಳಿಯುತ್ತದೆ. ಹೀಗಾಗಿ ನನ್ನದೇ ದನಿಯನ್ನು ಅವರದು ಎಂದು ಒಪ್ಪಿಕೊಂಡ ಹಾಗೆ ಕೂತಿದ್ದೇನೆ. ಈ ಎರಡು ವಾರ ನನಗೆ ನೆಟ್ಟಗೆ ನಿದ್ದೆ ಬಂದಿಲ್ಲ.

ವಿಡಿಯೊ ತೆಗೆದದ್ದು ತಪ್ಪು ಎಂದು ಕೌಂಟರ್ ನೋಟಿಸ್ ಕೊಡಬಹುದಲ್ಲ ಅನ್ನುತ್ತೀರಿ. ಫಾರ್ಮ್ ತೆರೆದು ನೋಡಿದೆ. ನನ್ನ ಪೂರ್ತಿ ಹೆಸರು, ಮನೆ ವಿಳಾಸ, ಫೋನ್ ನಂಬರ್ ಕೇಳುತ್ತದೆ. ಅದನ್ನೆಲ್ಲ ಆ ಕಂಪನಿಗೆ ಕಳಿಸುತ್ತೀರಂತೆ. ಕೇಸು ನಡೆದರೆ ಅಮೆರಿಕದಲ್ಲಿ ನಿಮ್ಮ ಕಂಪನಿ ಇರುವ ಊರಿನ ಕೋರ್ಟಿಗೆ ಒಪ್ಪಿದ್ದೇನೆ ಎಂದೂ ಸಹಿ ಹಾಕಬೇಕು. ನಾನು ಶಿವಮೊಗ್ಗದ ಕೋರ್ಟಿನ ಮೆಟ್ಟಿಲನ್ನೇ ಹತ್ತಿದವಳಲ್ಲ. ಮನೆಗೆ ದಿನವೂ ಚಿಕ್ಕ ಹೆಣ್ಣುಮಕ್ಕಳು ಪಾಠಕ್ಕೆ ಬರುತ್ತಾರೆ. ಗೊತ್ತಿಲ್ಲದ ಯಾರದೋ ಕೈಗೆ ಆ ವಿಳಾಸ ಕೊಡಲು ನಮ್ಮ ಮನೆಯವರು ಒಪ್ಪಲಿಲ್ಲ. ನನಗೂ ಮನಸ್ಸಾಗಲಿಲ್ಲ. ಅವರ ಕಡೆ ನನಗೆ ಕಾಣುವುದು ಮಾತ್ರ ಒಂದು ಕಂಪನಿಯ ಹೆಸರು, ಒಂದು ಮೇಲ್ ವಿಳಾಸ. ಆ ಮೇಲ್‌ಗೆ ನಾಲ್ಕು ಸಲ ಬರೆದೆ. ಒಂದಕ್ಕೂ ಉತ್ತರ ಇಲ್ಲ.

ಇದು ನನಗೊಬ್ಬಳಿಗೆ ಆದದ್ದಲ್ಲ ಅಂತ ಗೊತ್ತು. 2018ರಲ್ಲಿ ಜೇಮ್ಸ್ ರೋಡ್ಸ್ ಎಂಬ ಪಿಯಾನೊ ವಾದಕರು ತಮ್ಮ ಮನೆಯಲ್ಲಿ ಬಾಖ್ ರಚನೆಯೊಂದನ್ನು ನುಡಿಸಿ ಫೇಸ್‌ಬುಕ್‌ಗೆ ಹಾಕಿದರು. ಅದರ 47 ಸೆಕೆಂಡ್ ತನ್ನದು ಎಂದು ದೊಡ್ಡ ಸಂಗೀತ ಕಂಪನಿಯೊಂದರ ಹೆಸರಿನಲ್ಲಿ ಕ್ಲೈಮ್ ಬಂತು. ಬಾಖ್ ತೀರಿಕೊಂಡದ್ದು 1750ರಲ್ಲಿ. ಅದೇ ವರ್ಷ ಆಸ್ಟ್ರೇಲಿಯಾದ ಸಂಗೀತಗಾರರೊಬ್ಬರ 10 ಗಂಟೆಯ ವಿಡಿಯೊ ಮೇಲೆ 5 ಕ್ಲೈಮ್ ಬಂದ ಸುದ್ದಿ ಬಂತು. ಅದರಲ್ಲಿ ಇದ್ದದ್ದು ರೇಡಿಯೊ ಸ್ಟೇಷನ್ ಸಿಗದಾಗ ಬರುವಂಥ "ಶ್" ಎನ್ನುವ ಸದ್ದು ಮಾತ್ರ. ಅದನ್ನು ಓದಿದಾಗ ನನಗೆ ನನ್ನ ತಂಬೂರದ 41 ಸೆಕೆಂಡ್ ನೆನಪಾಯಿತು.

ಯೂಟ್ಯೂಬ್ 2021ರ ಮೊದಲ ಆರು ತಿಂಗಳ ಲೆಕ್ಕ ಪ್ರಕಟಿಸಿತ್ತು. ಅಷ್ಟರಲ್ಲೇ 72 ಕೋಟಿಗೂ ಜಾಸ್ತಿ ಕ್ಲೈಮ್. ತಕರಾರು ಬಂದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ತಕರಾರು ಬಂದಲ್ಲಿ ನೂರಕ್ಕೆ 60 ವಿಡಿಯೊ ಹಾಕಿದವರ ಪರವಾಗಿ ತೀರ್ಮಾನವಾಗಿವೆ. ತಕರಾರು ಇಷ್ಟು ಕಡಿಮೆ ಅಂದರೆ ಯಂತ್ರ ಅಷ್ಟು ಸರಿಯಾಗಿದೆ ಅಂತ ಹೇಳುವವರಿದ್ದಾರೆ. ನಾನು ಈಗ ಆ ತಕರಾರು ಹಾಕದವರ ಗುಂಪಿನಲ್ಲೇ ಇದ್ದೇನೆ. ನಾನು ಯಾಕೆ ಹಾಕಲಿಲ್ಲ ಅಂತ ಮೇಲೆ ಬರೆದಿದ್ದೇನೆ.

ಇನ್ನೊಂದು ಮಾತು ಹೇಳಲೇಬೇಕು. ಕಳೆದ ವರ್ಷ ಯಾರೋ ನನ್ನ 9 ವಿಡಿಯೊಗಳನ್ನು ಹಾಗೇ ಇಳಿಸಿಕೊಂಡು ತಮ್ಮ ಚಾನೆಲ್‌ಗೆ ಹಾಕಿಕೊಂಡಿದ್ದರು. ನನ್ನ ಮುಖ, ನನ್ನ ದನಿ. ಆ ಹುಡುಕುವ ಯಂತ್ರವನ್ನು ನನಗೂ ಕೊಡಿ ಎಂದು ಕೇಳಿದೆ. ದೊಡ್ಡ ಹಕ್ಕುದಾರರಿಗೆ ಮಾತ್ರ ಅಂದಿರಿ. ಒಂದೊಂದಕ್ಕೂ ಬೇರೆ ಬೇರೆ ಫಾರ್ಮ್ ತುಂಬಿದೆ. ಎಲ್ಲ ಹೋಗಲು ಎರಡು ತಿಂಗಳು ಹಿಡಿಯಿತು. ಅಲ್ಲಿ ನನ್ನ ಮಾತಿಗೆ ಸಾಕ್ಷಿ ಕೇಳಿದಿರಿ. ಇಲ್ಲಿ ಅವರ ಮಾತಿಗೆ ಸಾಕ್ಷಿ ಕೇಳಲಿಲ್ಲ.

ವಿಡಿಯೊ ಹೋದರೆ ಮತ್ತೆ ರೆಕಾರ್ಡ್ ಮಾಡಿ ಹಾಕಬಹುದಲ್ವಾ ಎಂದು ಕೆಲವರು ಸಮಾಧಾನ ಹೇಳಿದರು. ಹಾಕಬಹುದು. ಆದರೆ ಸರಳೆಯ ಆ ವಿಡಿಯೊ ಕೆಳಗೆ ಐದು ವರ್ಷದ ಪ್ರಶ್ನೆಗಳಿದ್ದವು. "ಮೂರನೇ ಕಾಲದಲ್ಲಿ ಉಸಿರು ಸಾಲುವುದಿಲ್ಲ ಟೀಚರ್" ಅಂತ ಒಬ್ಬಳು ಕೇಳಿದ್ದಳು. ನ್ಯೂಜೆರ್ಸಿಯಿಂದ ಒಬ್ಬ ತಾಯಿ, ಮಗನಿಗೆ ಧೈವತ (ದ ಸ್ವರ) ನಿಲ್ಲುತ್ತಿಲ್ಲ ಎಂದು ಆಡಿಯೊ ಕಳಿಸಿ ಕೇಳಿದ್ದರು. ದಾವಣಗೆರೆಯಲ್ಲಿ ನಿವೃತ್ತರಾದ ಮೇಲೆ ಕಲಿಯಲು ಶುರು ಮಾಡಿದ ಹಿರಿಯರೊಬ್ಬರು ದಿನವೂ "ಇವತ್ತು ಏಳನೆಯದು ಬಂತಮ್ಮ" ಅಂತ ಬರೆಯುತ್ತಿದ್ದರು. ಒಂದೊಂದಕ್ಕೂ ನಾನು ಕೂತು ಉತ್ತರ ಬರೆದಿದ್ದೆ. ಅದನ್ನು ಮತ್ತೆ ಎಲ್ಲಿಂದ ತರಲಿ?

ಹಾಗಾಗಿ ನನ್ನ ಕೋರಿಕೆ ಇದು. ತೆಗೆದ ಎರಡೂ ವಿಡಿಯೊಗಳನ್ನು ಕಮೆಂಟುಗಳ ಸಮೇತ ವಾಪಸ್ ಹಾಕಿ. ಎರಡೂ ಸ್ಟ್ರೈಕ್ ತೆಗೆಯಿರಿ. ಜಂಟಿ ವರಸೆಯ ಮೇಲಿನ ಕ್ಲೈಮ್ ಬಿಡಿಸಿ. ಇದನ್ನು ಮತ್ತೆ ಆ ಕಂಪನಿಗೇ ಕಳಿಸಬೇಡಿ. ನಿಮ್ಮ ಕಡೆಯ ಒಬ್ಬ ಮನುಷ್ಯರು, ಕರ್ನಾಟಕ ಸಂಗೀತ ಸ್ವಲ್ಪವಾದರೂ ಗೊತ್ತಿರುವವರು, ಅವರ ಆಲ್ಬಮ್ ಮತ್ತು ನನ್ನ ವಿಡಿಯೊ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಲಿ. ಹತ್ತು ನಿಮಿಷದ ಕೆಲಸ. ಆಲ್ಬಮ್‌ನ ಯಾವ ಭಾಗ ನನ್ನದರಲ್ಲಿದೆ ಎಂದು ಅವರು ತೋರಿಸಲಿ. ತಂಬೂರದ ಶ್ರುತಿಯೊಂದೇ ಇರುವ ತುಣುಕುಗಳನ್ನು ಅವರು ನಿಮ್ಮಲ್ಲಿ ನೋಂದಾಯಿಸಿದ ಫೈಲಿನಿಂದ ತೆಗೆಸಿ. ಇಲ್ಲದಿದ್ದರೆ ನಾಳೆ ಇನ್ನೊಬ್ಬ ಶಿಕ್ಷಕಿಗೆ ಇದೇ ಆಗುತ್ತದೆ. ಇಷ್ಟು ತಪ್ಪು ಕ್ಲೈಮ್ ಹಾಕಿದವರಿಗೂ ಒಂದು ಸ್ಟ್ರೈಕ್ ಲೆಕ್ಕ ಇರಬೇಕು ಎಂದು ನಾನು ಬಲವಾಗಿ ಹೇಳುತ್ತೇನೆ. ಉತ್ತರವನ್ನು ದಯವಿಟ್ಟು ಕನ್ನಡದಲ್ಲಿ ಕೊಡಿ.

2021ರ ಐಟಿ ನಿಯಮಗಳ ಪ್ರಕಾರ ಈ ದೂರು ತಲುಪಿದೆ ಎಂದು 24 ಗಂಟೆಯೊಳಗೆ ತಿಳಿಸಬೇಕು, ನಿಯಮದ ಗಡುವಿನೊಳಗೆ ತೀರ್ಮಾನ ಕೊಡಬೇಕು. ಕೊಡದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗುತ್ತೇನೆ. ಆಧಾರವಿಲ್ಲದೆ ಕಾಪಿರೈಟ್ ಬೆದರಿಕೆ ಹಾಕುವವರ ವಿರುದ್ಧ ಕಾಯ್ದೆಯ 60ನೇ ಕಲಂ ಇದೆ. ಅದರ ಬಗ್ಗೆಯೂ ವಕೀಲರ ಜೊತೆ ಮಾತಾಡುತ್ತಿದ್ದೇನೆ. ಆದರೆ ಅಲ್ಲಿಯವರೆಗೆ ಹೋಗಲು ನನಗೆ ಇಷ್ಟವಿಲ್ಲ. ನನಗೆ ಪಾಠ ಮಾಡಬೇಕು.

ಆಗಸ್ಟ್ 27ಕ್ಕೆ ಗಣೇಶನ ಹಬ್ಬ. ಈ ವರ್ಷ ಕಲಿಯಲು ಸೇರಿದ 11 ಮಕ್ಕಳು ಅವತ್ತು ಆ ಪಿಳ್ಳಾರಿ ಗೀತೆ ಹಾಡಬೇಕು ಅಂತ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾರೆ. "ಟೀಚರ್, ವಿಡಿಯೊ ಸಿಗ್ತಿಲ್ಲ" ಅಂತ ದಿನವೂ ಫೋನ್. ಉಳಿದದ್ದಕ್ಕೆ ನಿಮಗೆ ಆ ಗಡುವಿನವರೆಗೆ ಸಮಯ ಇದೆ. ಆ ಒಂದು ವಿಡಿಯೊವನ್ನಾದರೂ ಹಬ್ಬದೊಳಗೆ ಬಿಡಿ ಎಂದು ಕೇಳಿಕೊಳ್ಳುತ್ತೇನೆ.

ಕ್ಲೈಮ್‌ಗಳ ಸ್ಕ್ರೀನ್‌ಶಾಟ್, ನಾನು ಬರೆದ ತಕರಾರು ಮತ್ತು ಅಪೀಲ್, 2020ರಲ್ಲಿ ರೆಕಾರ್ಡ್ ಮಾಡಿದ ಮೂಲ ಫೈಲುಗಳನ್ನು ಇದರೊಂದಿಗೆ ಕಳಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಚಾನೆಲ್‌ನ ಸಂಗೀತ ಶಿಕ್ಷಕಿ,
ಶಿವಮೊಗ್ಗ