ಡಬಲ್ ರೋಲ್ ಬೆಕ್ಕು

ಲೋ ಗೆಳೆಯಾ,

ಮೈಸೂರು ಸೇರಿದ ಮೇಲೆ ನೀನು ಭಾರಿ ದೊಡ್ಡ ಮನುಷ್ಯ ಆಗಿಬಿಟ್ಟೆ. ಮೊನ್ನೆ ಫೋನಲ್ಲಿ ‘ಮಗಳ ಜೊತೆ ಬೆಕ್ಕಿನ ಸಿನಿಮಾ ನೋಡ್ತಿದೀನಿ’ ಅಂದಿದ್ದಕ್ಕೆ ‘ವಯಸ್ಸೆಷ್ಟೋ ನಿಂಗೆ’ ಅಂತ ನಕ್ಕೆಯಲ್ಲ, ಅದಕ್ಕೇ ಈ ಕಾಗದ.

ನೋಡಿದ್ದು ಗಾರ್ಫೀಲ್ಡ್‌ನ ಎರಡನೇ ಸಿನಿಮಾ, 2006ರದ್ದು. ಆ ಬೆಕ್ಕು ಇನ್ನೂ ಹಳೇದು. ಜಿಮ್ ಡೇವಿಸ್ ಅದರ ಕಾಮಿಕ್ ಶುರು ಮಾಡಿದ್ದು 1978ರಲ್ಲಿ, ನಮ್ಮ ಅಣ್ಣಾವ್ರು ‘ಶಂಕರ್ ಗುರು’ವಿನಲ್ಲಿ ಮೂರು ಪಾತ್ರ ಮಾಡಿದ ವರ್ಷ. ಇದನ್ನು ಸುಮ್ನೆ ಹೇಳುತ್ತಿಲ್ಲ, ಇರು.

ಗಾರ್ಫೀಲ್ಡ್‌ನ ಯಜಮಾನ ಜಾನ್ ತನ್ನ ಗೆಳತಿ ಲಿಜ್‌ಗೆ ‘ಮದುವೆ ಆಗ್ತೀಯಾ’ ಅಂತ ಕೇಳೋಕೆ ಲಂಡನ್‌ಗೆ ಹೋಗುತ್ತಾನೆ. ಗಾರ್ಫೀಲ್ಡ್ ಅವನ ಲಗೇಜಿನೊಳಗೆ ಸೇರಿಕೊಂಡು ಬರುತ್ತದೆ, ಜೊತೆಗೆ ನಾಯಿ ಓಡಿ. ಅದರ ಹೆಸರೇ ಓಡಿ ಕಣೋ, ಓಡಿ ಬಂದದ್ದಲ್ಲ. ಅಲ್ಲಿ ಪ್ರಿನ್ಸ್ ಅನ್ನೋ ಇನ್ನೊಂದು ಬೆಕ್ಕು, ಥೇಟ್ ಇದರ ಹಾಗೇ. ಒಡತಿ ಸತ್ತಾಗ ಇಡೀ ಅರಮನೆಯನ್ನು ಅದರ ಹೆಸರಿಗೆ ಬರೆದಿಟ್ಟಿದ್ದಾಳೆ. ಆಸ್ತಿ ತನಗೇ ಸಿಗುತ್ತೆ ಅಂತ ಕಾದಿದ್ದ ಲಾರ್ಡ್ ಡಾರ್ಗಿಸ್‌ಗೆ ಹೊಟ್ಟೆ ಉರಿ.

ಅಮ್ಮ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಇಂಗ್ಲಿಷ್ ಒಂದಕ್ಷರ ಬರಲ್ಲ, ಗೊತ್ತಲ್ಲ. ಡಾರ್ಗಿಸ್ ಪ್ರಿನ್ಸನ್ನು ಬುಟ್ಟಿಗೆ ಹಾಕಿ ಹೊಳೆಗೆ ಎಸೆದ. ಅಮ್ಮನ ಬೆರಳು ನಿಂತುಹೋಯಿತು. ‘ಎಲಾ ಮೂದೇವಿ! ಬೆಕ್ಕು ಸಾಯಿಸಿದ್ರೆ ಚಿನ್ನದ ಬೆಕ್ಕು ಮಾಡ್ಸಿ ದಾನ ಕೊಡ್ಬೇಕು, ಗೊತ್ತಿಲ್ವಾ ಇವ್ನಿಗೆ!’ ಆಮೇಲೆ ಅರಮನೆಯ ಬಟ್ಲರ್ ಬೀದಿಯಲ್ಲಿ ಸಿಕ್ಕ ಗಾರ್ಫೀಲ್ಡನ್ನೇ ಪ್ರಿನ್ಸ್ ಅಂದುಕೊಂಡು ಎತ್ತಿಕೊಂಡು ಹೋದ. ಹೊಳೆಯಿಂದ ಪಾರಾದ ಪ್ರಿನ್ಸ್ ಜಾನ್‌ಗೆ ಸಿಕ್ಕಿತು, ಅವನು ಅದನ್ನೇ ಗಾರ್ಫೀಲ್ಡ್ ಅಂದುಕೊಂಡ. ಅಮ್ಮ ತಣ್ಣಗೆ, ‘ಓ, ಡಬಲ್ ರೋಲು. ಕೊನೇಲಿ ಎರಡೂ ಎದುರಾಬದುರಾ ಆಯ್ತವೆ ನೋಡ್ತಿರು’ ಅಂದಳು. ಹಾಗೇ ಆಯಿತು! ಒಂದು ಕೈ ಎತ್ತಿದರೆ ಇನ್ನೊಂದೂ ಎತ್ತುತ್ತದೆ, ಕನ್ನಡಿ ಮುಂದೆ ನಿಂತ ಹಾಗೆ. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ನನಗೆ ಹಿಡಿಸಿದ್ದೂ ಅದೇ ಕಣೋ. ಗುಟ್ಟೆಲ್ಲ ನಮಗೆ ಗೊತ್ತು, ಸಿನಿಮಾದೊಳಗಿನವರಿಗೆ ಮಾತ್ರ ಗೊತ್ತಿಲ್ಲ. ಆರು ವರ್ಷದವಳಿಗೂ ಎಪ್ಪತ್ತು ವರ್ಷದವಳಿಗೂ ಒಂದೇ ಸಲ ನಗು ಬರೋದು ಇಂಥ ಕಡೆಯೇ. ಮಿಕ್ಕದ್ದು ಅಷ್ಟಕ್ಕಷ್ಟೆ. ಡಾರ್ಗಿಸ್‌ದು ಕಿರುಚಾಟ ಜಾಸ್ತಿ, ಕೆಲವು ಜೋಕು ಹಳಸಲು. ಪುಣ್ಯಕ್ಕೆ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ.

ಮಗಳ ತಕರಾರು ಬೇರೆ. ‘ನಾಯಿ ನಿಜವಾದ್ದು, ಬೆಕ್ಕು ಯಾಕೆ ಬೊಂಬೆ ಥರ?’ ಬೆಕ್ಕನ್ನು ಕಂಪ್ಯೂಟರಿನಲ್ಲಿ ಮಾಡಿದ್ದಾರೆ, ಮಾತಾಡೋದು ಬಿಲ್ ಮರ್ರೆ ಅನ್ನೋ ನಟ, ಅಂದೆ. ‘ನಮ್ಮ ಬೆಕ್ಕು ಕೆಂಚನಿಗೆ ಹೇಳಿದ್ರೆ ಅದು ಮಾಡಲ್ವಲ್ಲ, ಅದಕ್ಕೇ’ ಅಂತ ಅವಳೇ ಉತ್ತರ ಕೊಟ್ಟುಕೊಂಡಳು. ಸರಿನೇ ಅಲ್ವಾ? ಕೆಂಚ ಆಗ ಟಿವಿಗೆ ಬೆನ್ನು ಹಾಕಿ ಅವರೆಸಿಪ್ಪೆ ಮೇಲೆ ಮಲಗಿತ್ತು.

ಅರಮನೆಯ ಅಡುಗೆಮನೆಯಲ್ಲಿ ಗಾರ್ಫೀಲ್ಡ್ ಪ್ರಾಣಿಗಳನ್ನೆಲ್ಲ ಸೇರಿಸಿ ಲಸಾನ್ಯ ಮಾಡಿಸುತ್ತದೆ. ತಾನು ಮಾತ್ರ ಯಜಮಾನಿಕೆ ಮಾಡುತ್ತದೆ. ನಮ್ಮ ಕಡೆ ಮದುವೆ ಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವ ದೊಡ್ಡಪ್ಪಂದಿರ ಹಾಗೆ. ‘ಅದೇನೋ ಅದು?’ ಅಂದಳು ಅಮ್ಮ. ಮೈದಾ ಹಾಳೆ ಒಂದರ ಮೇಲೊಂದು ಇಟ್ಟು, ನಡುವೆ ಟೊಮೆಟೊ ಗೊಜ್ಜು, ಚೀಸು ಹಾಕಿ ಬೇಯಿಸೋದು ಅಂದೆ. ‘ಮುದ್ದೆ ತಿನ್ನದ ಬೆಕ್ಕು’ ಅಂತ ಮುಗಿಸಿಬಿಟ್ಟಳು.

ಸಿನಿಮಾ ಮುಗಿದ ಮೇಲೆ ನೋಡಿದರೆ ಪಾತ್ರೆ ತುಂಬ ಸಿಪ್ಪೆ, ಕಾಳೆಲ್ಲ ಕೆಂಚನ ಕೆಳಗೆ. ಮೂವರೂ ಕೂತು ಆರಿಸಿದೆವು. ಸಾರಿಗೆ ರಾತ್ರಿ ಒಂಬತ್ತೂವರೆ ಆಯಿತು.

ಅವರೆ ಮುಗಿಯೋದರೊಳಗೆ ಮಂಡ್ಯಕ್ಕೆ ಬಾ. ಸೋಮವಾರ ಮಾತ್ರ ಬೇಡ, ಗಾರ್ಫೀಲ್ಡ್‌ಗೆ ಸೋಮವಾರ ಕಂಡರೆ ಆಗಲ್ಲ ಅಂತ ಮಗಳು ಅವತ್ತು ಯಾರನ್ನೂ ಮಾತಾಡಿಸುತ್ತಿಲ್ಲ.

ನಿನ್ನ,
ಮಂಡ್ಯದ ಗೆಳೆಯ