ಎತ್ತಿಸುವುದು ಬೇರೆ, ತುಂಬಿಸುವುದು ಬೇರೆ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅರ್ಧ ಪುಟದ ಬರಹ ಓದಿದೆ. ಹೆರಿಗೆ ಆದಮೇಲೆ ಜೋತುಬಿದ್ದ ಎದೆಯನ್ನು ಬ್ರೆಸ್ಟ್ ಲಿಫ್ಟ್ (ಎದೆ ಮೇಲಕ್ಕೆತ್ತುವುದು) ಮತ್ತು ಇಂಪ್ಲಾಂಟ್ (ಒಳಗೆ ಸಿಲಿಕೋನ್ ಚೀಲ ಇಡುವುದು) ಎರಡೂ ಸೇರಿಸಿ ಒಂದೇ ಆಪರೇಷನ್‌ನಲ್ಲಿ ಸರಿ ಮಾಡಿಬಿಡಬಹುದು ಅಂತ ಅದರಲ್ಲಿತ್ತು. ಕೊನೆಯಲ್ಲಿ ಕ್ಲಿನಿಕ್ಕಿನ ಫೋನ್ ನಂಬರ್ ಬೇರೆ. ಅದು ಲೇಖನವೋ ಜಾಹೀರಾತೋ ಗೊತ್ತಾಗಲಿಲ್ಲ. ನಾನು ಎಂಟು ತಿಂಗಳಿಂದ ಇದೇ ವಿಷಯ ತಲೆಯಲ್ಲಿ ಹೊತ್ತು ಓಡಾಡುತ್ತಿದ್ದೇನೆ, ಅದಕ್ಕೇ ಈ ಪತ್ರ. ದಯವಿಟ್ಟು ಹೆಸರು ಹಾಕಬೇಡಿ, ನಮ್ಮ ಬೀದಿಯಲ್ಲಿ ಎಲ್ಲರೂ ನಿಮ್ಮ ಪೇಪರೇ ತರಿಸುವುದು.

ನನಗೆ 42 ವರ್ಷ. ಇಬ್ಬರು ಮಕ್ಕಳು, ಇಬ್ಬರಿಗೂ ಎರಡೆರಡು ವರ್ಷ ಹಾಲು ಕುಡಿಸಿದ್ದೇನೆ. ಎರಡು ವರ್ಷದ ಹಿಂದೆ 86 ಕಿಲೋ ಇದ್ದೆ. ದಿನಾ ಬೆಳಿಗ್ಗೆ ಕುಂದವಾಡ ಕೆರೆ ಸುತ್ತ ನಡೆದು, ರಾತ್ರಿ ಅನ್ನ ಬಿಟ್ಟು 67ಕ್ಕೆ ಇಳಿದೆ. ಹೊಟ್ಟೆ ಕರಗಿತು, ಮುಖ ಇಳಿಯಿತು, ಎದೆ ಮಾತ್ರ ಕೆಳಗೆ ಜಾರಿ ಅಲ್ಲೇ ಕೂತಿತು. ದಾವಣಗೆರೆಯ ಏಪ್ರಿಲ್ ಬಿಸಿಲು ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಕೆಂಪಗೆ ಗುಳ್ಳೆ ಏಳುತ್ತಿತ್ತು, ಪೌಡರ್ ಹಾಕಿದರೆ ಅದೇ ಮುದ್ದೆ ಕಟ್ಟಿ ಇನ್ನಷ್ಟು ಉರಿ. ಬ್ಲೌಸ್ ಹೊಲಿಯುವವರು ಪ್ರತಿ ಸಲ ‘ಮೇಡಂ, ಕಪ್ ಇಟ್ಟು ಹೊಲಿದುಬಿಡ್ಲಾ’ ಅಂತಾರೆ. ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮೈ ನನ್ನದು, ದುಡ್ಡೂ ನನ್ನದು.

ಮೊದಲು ಹೋಗಿದ್ದು ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ. ಬಿಳಿ ಕೋಟು ಹಾಕಿದ ಹುಡುಗಿಯೊಬ್ಬಳು ಬಂದಳು, ಡಾಕ್ಟರ್ ಅಂದುಕೊಂಡೆ, ಕೌನ್ಸೆಲರ್ ಅಂತೆ. ನನ್ನನ್ನು ಇನ್ನೂ ಯಾರೂ ಪರೀಕ್ಷೆ ಮಾಡಿರಲಿಲ್ಲ, ಆಗಲೇ ಇಂಪ್ಲಾಂಟ್ ಜೋಡಿಸಿದ್ದ ಟ್ರೇ ಮುಂದಿಟ್ಟು ‘ಒತ್ತಿ ನೋಡಿ ಮೇಡಂ’ ಅಂದಳು. ಒತ್ತಿದೆ. ಹೆಬ್ಬೆರಳು ತೆಗೆದ ತಕ್ಷಣ ಮತ್ತೆ ಗುಂಡಗಾಯಿತು. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಬರೀ ಲಿಫ್ಟ್ ಮಾಡಿಸಿದರೆ ಮೇಲ್ಭಾಗ ಚಪ್ಪಟೆ ಕಾಣುತ್ತೆ, ಎಲ್ಲರೂ ಎರಡೂ ಮಾಡಿಸ್ತಾರೆ, ಈ ತಿಂಗಳೊಳಗೆ ಬುಕ್ ಮಾಡಿದರೆ ಇಎಂಐಗೆ ಬಡ್ಡಿ ಇಲ್ಲ ಅಂತ ಒಂದೇ ಉಸಿರಲ್ಲಿ ಹೇಳಿದಳು. 2 ಲಕ್ಷ 40 ಸಾವಿರ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಜಿಎಸ್‌ಟಿ ಬೇರೆ ಅಂತಿದೆ. ಕಾಯಿಲೆಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಜಿಎಸ್‌ಟಿ ಇಲ್ಲ, ಅಂದಕ್ಕೆ ಅಂತ ಮಾಡಿಸಿದರೆ ಶೇ 18. ಅಂದರೆ ಇನ್ನೂ 43,200 ರೂಪಾಯಿ. ಇನ್ಶೂರೆನ್ಸ್ ಅಂತೂ ಇದಕ್ಕೆ ಒಂದು ಪೈಸೆ ಕೊಡಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿಗಲ್ಲ. ನಾನು ಹೋಗಿದ್ದು ಕೆಳಗೆ ಜಾರಿದ್ದನ್ನು ಮೇಲೆ ಎತ್ತಿಸಲು, ಬರುವಾಗ ದೊಡ್ಡದು ಮಾಡಿಸುವ ಲೆಕ್ಕ ಹಿಡಿದುಕೊಂಡು ಬಂದಿದ್ದೆ. ಯಾವಾಗ ಬದಲಾಯಿತು ಅಂತ ನನಗೇ ಗೊತ್ತಾಗಲಿಲ್ಲ.

ಆಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂಸಿಎಚ್ ಅನ್ನುವ ತಜ್ಞ ಪದವಿ ಮಾಡಿದ ಡಾಕ್ಟರೊಬ್ಬರನ್ನು ಹುಡುಕಿ ಹೋದೆ. ಬರೀ ಎಂಬಿಬಿಎಸ್ ಮಾಡಿ, ಮೇಲೆ ಒಂದು ಸಣ್ಣ ಕಾಸ್ಮೆಟಿಕ್ ಕೋರ್ಸಿನ ಸರ್ಟಿಫಿಕೇಟ್ ತೂಗುಹಾಕಿಕೊಂಡವರೂ ಇರುತ್ತಾರೆ, ಬೋರ್ಡು ಸರಿಯಾಗಿ ಓದಿ. ಈ ಡಾಕ್ಟರು ಟೇಪು ಹಿಡಿದು ಕುತ್ತಿಗೆಯ ಗುಳಿಯಿಂದ ಮೊಲೆತೊಟ್ಟಿನವರೆಗೆ ಅಳೆದರು. ತೊಟ್ಟು ಎದೆಯ ಕೆಳಗಿನ ಮಡಿಕೆಯ ಮಟ್ಟದಲ್ಲೇ ಇದ್ದರೆ ಮೊದಲ ದರ್ಜೆ, ಅದಕ್ಕಿಂತ ಕೆಳಗಿದ್ದರೆ ಎರಡನೆಯದು, ತೀರಾ ತಳದಲ್ಲಿ ನೆಲ ನೋಡುತ್ತಿದ್ದರೆ ಮೂರನೆಯದು ಅಂತ ಹೇಳಿದರು. ನನ್ನದು ಎರಡು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. ‘ಒಳ್ಳೆ ಬ್ರಾ ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ ಗಾತ್ರ ಸಾಕು ಅನ್ಸುತ್ತಾ?’

ಸಾಕು ಡಾಕ್ಟ್ರೇ ಅಂದೆ. ‘ಹಾಗಾದ್ರೆ ಇಂಪ್ಲಾಂಟ್ ಯಾಕಮ್ಮಾ?’

ಬೆಂಗಳೂರಿನ ಆ ಕ್ಲಿನಿಕ್ಕಿನಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ, ಅಲ್ಲಿ ಇದನ್ನು ಯಾರೂ ಕೇಳಲಿಲ್ಲ. ನಿಮ್ಮ ಅರ್ಧ ಪುಟದಲ್ಲೂ ಇರಲಿಲ್ಲ.

ಲಿಫ್ಟ್ ಅಂದರೆ ಹೆಚ್ಚಾದ ಚರ್ಮ ಕತ್ತರಿಸಿ, ಒಳಗಿನದನ್ನು ಒಟ್ಟು ಮಾಡಿ, ತೊಟ್ಟನ್ನು ಮೇಲಕ್ಕೆ ತರುವುದು. ಇಂಪ್ಲಾಂಟ್ ಅಂದರೆ ಒಳಗೆ ಇನ್ನೊಂದು ಭಾರ ಇಟ್ಟು ಚರ್ಮವನ್ನು ಹಿಗ್ಗಿಸುವುದು. ಬ್ಲೌಸಿನ ಹೊಲಿಗೆ ಹಿಡಿಸಿದ ದಿನವೇ ನಾವು ದಪ್ಪ ಆದರೆ ಏನಾಗುತ್ತೆ? ಹೊಲಿಗೆ ಎಳೆಯುತ್ತೆ, ಅಲ್ವಾ. ಇಲ್ಲೂ ಅದೇ ಕಥೆ. ಎರಡನ್ನೂ ಒಟ್ಟಿಗೆ ಮಾಡಿದಾಗ ಗಾಯ ಬಿಡುವುದು, ಕಲೆ ಅಗಲವಾಗುವುದು, ತೊಟ್ಟಿನ ರಕ್ತ ಓಡಾಟಕ್ಕೆ ತೊಂದರೆಯಾಗುವುದು, ಕೊನೆಗೆ ಇನ್ನೊಮ್ಮೆ ಆಪರೇಷನ್ ಮಾಡಿ ಸರಿಪಡಿಸಬೇಕಾಗುವುದು, ಇವೆಲ್ಲ ಒಂದೊಂದನ್ನೇ ಮಾಡಿಸುವುದಕ್ಕಿಂತ ಜಾಸ್ತಿ. ಹಾಗಂತ ಬರೀ ಲಿಫ್ಟ್ ಏನೂ ಹೂವಿನ ಹಾಸಿಗೆಯಲ್ಲ. ತೊಟ್ಟಿನ ಸುತ್ತ, ಅಲ್ಲಿಂದ ನೇರ ಕೆಳಕ್ಕೆ, ಮತ್ತೆ ಮಡಿಕೆಯ ಉದ್ದಕ್ಕೂ, ಎಷ್ಟೋ ಸಲ ಹಡಗಿನ ಲಂಗರಿನ ಆಕಾರದಲ್ಲಿ ಹೊಲಿಗೆ ಬೀಳುತ್ತೆ. ಕಲೆ ವರ್ಷ ಒಂದೂವರೆ ವರ್ಷಕ್ಕೆ ಮಾಸುತ್ತೆ, ಪೂರ್ತಿ ಹೋಗಲ್ಲ. ನಮ್ಮ ಬಣ್ಣದವರಿಗೆ ಕಲೆ ದಪ್ಪಗಾಗುವುದೂ ಜಾಸ್ತಿ. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು. ವಯಸ್ಸು ಸುಮ್ನೆ ಕೂರಲ್ಲ, ಎತ್ತಿದ್ದು ನಿಧಾನಕ್ಕೆ ಮತ್ತೆ ಇಳಿಯುತ್ತೆ. ಮೇಲ್ಭಾಗ ಇಂಪ್ಲಾಂಟ್ ಇಟ್ಟಷ್ಟು ತುಂಬಿಕೊಂಡು ಕಾಣಲ್ಲ ಅನ್ನುವುದೂ ನಿಜ. ಆ ಹುಡುಗಿ ಹೇಳಿದ್ದರಲ್ಲಿ ಅದೊಂದು ಸರಿಯಾಗಿತ್ತು.

ಇಷ್ಟಾದರೂ ಮನಸ್ಸು ತಡೆಯಲಿಲ್ಲ ನೋಡಿ. ಒಂದು ಭಾನುವಾರ ಸೋನಾ ಮಸೂರಿ ಅಕ್ಕಿಯನ್ನು ಒಂದೊಂದಕ್ಕೆ 300 ಗ್ರಾಂನಂತೆ ತೂಗಿ ಎರಡು ಕಾಲುಚೀಲಕ್ಕೆ ತುಂಬಿ ಗಂಟು ಕಟ್ಟಿ ಬ್ರಾ ಒಳಗೆ ಇಟ್ಟುಕೊಂಡೆ. 300 ಸಿಸಿ ಇಂಪ್ಲಾಂಟ್ ತೂಕ ಹೆಚ್ಚುಕಮ್ಮಿ ಅಷ್ಟೇ ಬರುತ್ತೆ. ಮೊದಲ ಹತ್ತು ನಿಮಿಷ ಖುಷಿಯೋ ಖುಷಿ, ಸೀರೆ ಉಟ್ಟು ಫೋಟೋ ಕೂಡ ತೆಗೆದುಕೊಂಡೆ. ಮಧ್ಯಾಹ್ನ ರೊಟ್ಟಿ ತಟ್ಟಲು ಬಗ್ಗಿದೆ, ಭುಜದ ಮೇಲೆ ಪಟ್ಟಿ ಕೊರೆಯಲು ಶುರುವಾಯಿತು. ಸಂಜೆ ಹೊತ್ತಿಗೆ ಬೆನ್ನು ಹಿಡಿಯಿತು. ಒಳಗಿರುವುದು ಭುಜಕ್ಕೆ ಕೊರೆಯುವುದಿಲ್ಲ, ಅದು ಗೊತ್ತು. ಆದರೆ ಈಗಾಗಲೇ ಸಡಿಲಾಗಿ ಜಾರಿದ ಚರ್ಮಕ್ಕೆ ದಿನಾ ಇಪ್ಪತ್ನಾಲ್ಕು ಗಂಟೆ ಇಷ್ಟು ಭಾರ ತೂಗುಬಿಡುತ್ತೇನೆ ಅನ್ನುವುದು ಆಗ ಕೈಗೆ ಸಿಕ್ಕಂತಾಯಿತು. ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. ಅಕ್ಕಿ ಮರುದಿನ ಚಿತ್ರಾನ್ನ ಆಯಿತು, ಅತ್ತೆಗೆ ಹೇಳಿಲ್ಲ.

ನನ್ನ ಚಿಕ್ಕಮ್ಮನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, 2022ರಲ್ಲಿ ಎರಡೂ ಒಟ್ಟಿಗೆ ಮಾಡಿಸಿಕೊಂಡಳು. ಚೆನ್ನಾಗಿದ್ದಾಳೆ. ಅವಳಿಗೆ ಹಾಲು ಬಿಡಿಸಿದ ಮೇಲೆ ಒಳಗೆ ಏನೂ ಉಳಿದಿರಲಿಲ್ಲ, ಎತ್ತಲು ಕೂಡ ಏನಾದರೂ ಇರಬೇಕಲ್ಲ, ಹಾಗಾಗಿ ಅವಳಿಗೆ ಬೇಕಿತ್ತು. ಆದರೆ ಆಪರೇಷನ್‌ಗೆ ಮುಂಚೆ ಅವಳ ಕೈಗೆ ಒಂದು ಪಟ್ಟಿ ಕೊಟ್ಟಿದ್ದರಂತೆ. ವಾಟ್ಸಾಪಿನಲ್ಲಿ ಕಳಿಸಿದಳು. ಇಂಪ್ಲಾಂಟ್ ಜೀವನಪೂರ್ತಿ ಬರುವ ವಸ್ತು ಅಲ್ಲ, ವರ್ಷ ಕಳೆದಂತೆ ತೊಂದರೆ ಹೆಚ್ಚುತ್ತೆ, ಮತ್ತೆ ಆಪರೇಷನ್ ಬೇಕಾಗಬಹುದು ಅಂತೆಲ್ಲ ಅದರಲ್ಲಿದೆ, ಓದಿದ್ದೇನೆ ಅಂತ ಅವಳೂ ಡಾಕ್ಟರೂ ಸಹಿ ಹಾಕಬೇಕು. ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರ್‌ನಲ್ಲಿ ಇದನ್ನು ಕಡ್ಡಾಯ ಮಾಡಿತು. ಸಿಲಿಕೋನ್ ಇಂಪ್ಲಾಂಟ್ ಒಳಗೇ ಒಡೆದರೂ ಎಷ್ಟೋ ಸಲ ಗೊತ್ತಾಗಲ್ಲ, ಅದಕ್ಕೆ ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಿ ಅಂತಲೂ ಎಫ್‌ಡಿಎ ಹೇಳುತ್ತೆ. ನನ್ನ ಲೆಕ್ಕಕ್ಕೆ 48ಕ್ಕೆ ಒಂದು ಸ್ಕ್ಯಾನ್, 50ಕ್ಕೋ 51ಕ್ಕೋ ಇನ್ನೊಂದು, ಅರವತ್ತರ ಹತ್ತಿರ ತೆಗೆಸಿ ಬದಲಿಸುವ ಆಪರೇಷನ್ ಬಂದರೆ ಆಗ ನನಗೆ ಶುಗರ್ ಇರುತ್ತೆ, ನಮ್ಮ ಮನೆತನದಲ್ಲಿ ಎಲ್ಲರಿಗೂ ಬಂದಿದೆ.

ಕಂಪನಿ ದೊಡ್ಡದು ಅಂತ ಕಣ್ಣು ಮುಚ್ಚಿ ನಂಬಲೂ ಆಗಲ್ಲ. ಫ್ರಾನ್ಸಿನ ಪಿಐಪಿ ಕಂಪನಿ ಕೈಗಾರಿಕೆಗೆ ಬಳಸುವ ಸಿಲಿಕೋನ್ ತುಂಬಿ ಮಾರಿದ್ದು 2010ರಲ್ಲಿ ಬಯಲಾಯಿತು. 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಅನ್ನುವ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಪ್ರಪಂಚದಾದ್ಯಂತ ವಾಪಸ್ ತೆಗೆದುಕೊಂಡಿತು, ಅಪರೂಪದ ಒಂದು ಥರದ ಲಿಂಫೋಮಾ ಕ್ಯಾನ್ಸರ್‌ಗೂ ಅದಕ್ಕೂ ನಂಟು ಸಿಕ್ಕಿದ್ದರಿಂದ. ಹಾಕಿಸಲೇಬೇಕು ಅನ್ನುವವರು ಕಂಪನಿ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಇರುವ ಕಾರ್ಡ್ ಕೇಳಿ ಇಟ್ಟುಕೊಳ್ಳಿ.

ನನಗೆ ಬೆಂಗಳೂರಿನಲ್ಲಿ ಸಹಿ ಹಾಕಲು ಕೊಟ್ಟಿದ್ದು ನಾಲ್ಕು ಪುಟದ ಇಂಗ್ಲಿಷ್ ಹಾಳೆ. ಏನಾದರೂ ಆದರೆ ಕ್ಲಿನಿಕ್ ಹೊಣೆಯಲ್ಲ ಅಂತ ಬರೆದಿದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು. ಕನ್ನಡದ್ದು ಇದೆಯಾ ಅಂದರೆ ಹುಡುಗಿ ನಕ್ಕಳು. ಅಮ್ಮನಿಗೆ ವಿಷಯ ಹೇಳಿದಾಗ, 2022ರಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋಗಿ ತೀರಿಕೊಂಡ 21 ವರ್ಷದ ಕಿರುತೆರೆ ನಟಿಯನ್ನು ನೆನೆದು ಕಣ್ಣೀರು ಹಾಕಿದರು. ಅದು ಬೇರೆ ಆಪರೇಷನ್ ಅಮ್ಮಾ ಅಂದೆ. ಅವರಿಗೆ ಎರಡೂ ಒಂದೇ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಡಾಕ್ಟರುಗಳು ನೇರವಾಗಿಯೋ ಸುತ್ತಿ ಬಳಸಿಯೋ ರೋಗಿಗಳನ್ನು ಕರೆಯುವುದು ತಪ್ಪು ಅಂತ 2002ರ ವೃತ್ತಿ ನಿಯಮದಲ್ಲೇ ಇದೆ. ದುಡ್ಡು ತಗೊಂಡು ಹಾಕಿದ್ದಾದರೆ ಮೇಲೆ ಜಾಹೀರಾತು ಅಂತ ದಪ್ಪಗೆ ಬರೆಯಿರಿ. ಲೇಖನವೇ ಆಗಿದ್ದರೆ ಮುಂದಿನ ಸಲ ಫೋನ್ ನಂಬರ್ ಜಾಗದಲ್ಲಿ ಆ ಡಾಕ್ಟರು ಕೇಳಿದ ಪ್ರಶ್ನೆ ಹಾಕಿ.

ನಾನು ಬರೀ ಲಿಫ್ಟ್‌ಗೆ ಒಪ್ಪಿದ್ದೇನೆ. ಆಮೇಲೆ ಮೇಲ್ಭಾಗ ತೀರಾ ಖಾಲಿ ಅನ್ನಿಸಿದರೆ ಇಂಪ್ಲಾಂಟ್ ಬೇರೆ ದಿನ ನೋಡೋಣ, ಅಂಗಡಿ ಎಲ್ಲೂ ಓಡಿಹೋಗಲ್ಲ ಅಂದರು ಡಾಕ್ಟರು. ತೂಕ ಇನ್ನೂ ಆರು ತಿಂಗಳು 67ರಲ್ಲೇ ನಿಲ್ಲಬೇಕಂತೆ, ಆಮೇಲೆ ತಾರೀಖು ಕೊಡುತ್ತಾರೆ. ಯುಗಾದಿಗೆ ತಂದ ಮೂರು ಬ್ಲೌಸ್ ಪೀಸು ಬೀರುವಿನಲ್ಲೇ ಇವೆ, ಹೊಲಿಯಲು ಇನ್ನೂ ಕೊಟ್ಟಿಲ್ಲ.

— ಒಬ್ಬ ಓದುಗಿ, ದಾವಣಗೆರೆ